ಮಾಂಸದಲ್ಲಿ ಮೂಳೆ, ಚರ್ಮದ ಮೇಲೆ ಕರೆಂಟು

ಬೆನ್ನುಹುರಿಗೆ ಪೆಟ್ಟಾಗಿ ಎರಡು ತಿಂಗಳಿಂದ ಮಲಗಿರುವ ವ್ಯಕ್ತಿಯ ಸೊಂಟದ ಕೀಲಿನ ಹತ್ತಿರ ಒಂದು ದಿನ ಊತ ಕಾಣಿಸಿಕೊಳ್ಳುತ್ತದೆ. ಮುಟ್ಟಿದರೆ ಬಿಸಿ. ಮೊನ್ನೆಯವರೆಗೆ ಸಲೀಸಾಗಿ ಮಡಚುತ್ತಿದ್ದ ಕಾಲು ಈಗ ಅರ್ಧಕ್ಕೇ ನಿಲ್ಲುತ್ತದೆ. ಕೆಲವು ವಾರ ಕಳೆದು ತೆಗೆದ ಎಕ್ಸ್‌ರೇಯಲ್ಲಿ, ಸ್ನಾಯು ಇರಬೇಕಾದ ಜಾಗದಲ್ಲಿ ಬಿಳಿ ಕಲೆ. ಮಾಂಸದೊಳಗೆ ಮೂಳೆ ಬೆಳೆಯುತ್ತಿದೆ ಎನ್ನುತ್ತಾರೆ ವೈದ್ಯರು. ಆಗ ಮನೆಯವರ ಬಾಯಿಂದ ಬರುವ ಪ್ರಶ್ನೆ: "ಫಿಸಿಯೋಥೆರಪಿಯಲ್ಲಿ ದಿನಾ ಕರೆಂಟ್ ಕೊಡ್ತಿದ್ರಲ್ಲ ಡಾಕ್ಟ್ರೇ, ಅದಕ್ಕೇ ಹೀಗಾಯ್ತಾ?"

ಈ ಅನುಮಾನವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕೂಡದೆ ಉಳಿದ ಮೂಳೆ ಮುರಿತವನ್ನು ಕೂಡಿಸಲು ವೈದ್ಯರೇ ವಿದ್ಯುತ್ತನ್ನು ಬಳಸುತ್ತಾರೆ. ಅಲ್ಲಿ ಮೂಳೆ ಬೆಳೆಸುವ ಕರೆಂಟು ಇಲ್ಲಿ ಯಾಕೆ ಬೆಳೆಸಬಾರದು ಎಂದು ಯಾರಿಗಾದರೂ ಅನಿಸುತ್ತದೆ. ಚಿಕ್ಕ ಉತ್ತರ ಇಷ್ಟು: ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕೊಡುವ ಕರೆಂಟಿನಿಂದಲೇ ಸ್ನಾಯುವಿನಲ್ಲಿ ಮೂಳೆ ಬೆಳೆಯಿತು ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ಕರೆಂಟನ್ನು ಯಾವ ಹೊತ್ತಿನಲ್ಲಿ, ಯಾವ ಜಾಗಕ್ಕೆ, ಎಂಥ ರೋಗಿಗೆ ಕೊಡುತ್ತೇವೆ ಎನ್ನುವುದರಲ್ಲಿ ಎಚ್ಚರ ಬೇಕು. ಉದ್ದದ ಉತ್ತರಕ್ಕೆ ಮೂಳೆಯ ಕತೆಯನ್ನೂ ಕರೆಂಟಿನ ಕತೆಯನ್ನೂ ಬೇರೆ ಬೇರೆಯಾಗಿ ನೋಡಬೇಕು.

ಇದು ಸುಣ್ಣದ ಗಂಟಲ್ಲ, ನಿಜವಾದ ಮೂಳೆ

ವೈದ್ಯರು ಇದನ್ನು ಹೆಟೆರೊಟೋಪಿಕ್ ಆಸಿಫಿಕೇಶನ್ ಎನ್ನುತ್ತಾರೆ. ಸ್ನಾಯು, ಸ್ನಾಯುರಜ್ಜು, ಕೀಲಿನ ಸುತ್ತಲಿನ ಪೊರೆ ಮುಂತಾದ ಮೃದು ಅಂಗಾಂಶಗಳಲ್ಲಿ ಮೂಳೆ ಹುಟ್ಟಿಕೊಳ್ಳುವುದು ಇದರ ಲಕ್ಷಣ. ಭುಜದ ರಜ್ಜುವಿನಲ್ಲಿ ಕ್ಯಾಲ್ಸಿಯಂ ಕೂತು ನೋವು ಕೊಡುವುದು ಬೇರೆ ಸಂಗತಿ. ಅದು ಬರೀ ಲವಣದ ಶೇಖರಣೆ. ಇಲ್ಲಿ ಬೆಳೆಯುವುದಕ್ಕೆ ಮೂಳೆಯ ಜೀವಕೋಶಗಳಿವೆ, ರಕ್ತನಾಳಗಳಿವೆ, ಮಾಗಿದ ಮೇಲೆ ಒಳಗೆ ಮಜ್ಜೆಯೂ ಇರುತ್ತದೆ. ಹಾಗಾಗಿ ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ಬಿಟ್ಟುಬಿಟ್ಟರೆ ಇದು ನಿಲ್ಲುತ್ತದೆ ಎನ್ನುವ ಲೆಕ್ಕಾಚಾರ ತಪ್ಪು. ಕ್ಯಾಲ್ಸಿಯಂ ಕಚ್ಚಾ ಸಾಮಗ್ರಿ ಮಾತ್ರ. ಕಟ್ಟು ಎಂದು ಅಪ್ಪಣೆ ಕೊಡುವುದು ಬೇರೆಯೇ ಒಂದು ಸಂಕೇತ.

ಆ ಸಂಕೇತದ ಸುಳಿವು ಸಿಕ್ಕಿದ್ದು 1965ರಲ್ಲಿ. ಅಮೆರಿಕದ ಮಾರ್ಷಲ್ ಯುರಿಸ್ಟ್ ಎಂಬ ಮೂಳೆವೈದ್ಯರು ಮೂಳೆಯಿಂದ ಖನಿಜಾಂಶವನ್ನೆಲ್ಲ ತೆಗೆದು, ಉಳಿದ ಭಾಗವನ್ನು ಪ್ರಾಣಿಗಳ ಸ್ನಾಯುವಿನಲ್ಲಿ ಇಟ್ಟರು. ಅಲ್ಲಿ ಹೊಸ ಮೂಳೆ ಬೆಳೆಯಿತು. ಅದನ್ನು ಬೆಳೆಸಿದ ಪ್ರೋಟೀನುಗಳಿಗೆ ಮುಂದೆ ಬಿ.ಎಂ.ಪಿ. ಎಂಬ ಹೆಸರು ಬಂತು. ಹತ್ತು ವರ್ಷದ ನಂತರ, 1975ರಲ್ಲಿ, ಬ್ರಿಟನ್ನಿನ ಚಾಮರ್ಸ್ ಮತ್ತು ಸಂಗಡಿಗರು ತಪ್ಪು ಜಾಗದಲ್ಲಿ ಮೂಳೆ ಬೆಳೆಯಲು ಬೇಕಾದ ಮೂರು ಷರತ್ತುಗಳನ್ನು ಹೇಳಿದರು: ಮೂಳೆಕೋಶವಾಗಬಲ್ಲ ಮೂಲಕೋಶಗಳು, ಅವನ್ನು ಕೆಣಕುವ ಸಂಕೇತ, ಬೆಳವಣಿಗೆಗೆ ಒಪ್ಪುವ ಪರಿಸರ. ಮೂರೂ ಕೂಡಿದರೆ ಮೂಳೆ. ಈ ಷರತ್ತುಗಳನ್ನು ನೆನಪಿಟ್ಟುಕೊಳ್ಳಿ. ಕರೆಂಟಿನ ಪಾತ್ರವನ್ನು ಅಳೆಯಲು ಮುಂದೆ ಬೇಕಾಗುತ್ತವೆ.

ಯಾರಿಗೆ ಬರುತ್ತದೆ

ಮೊದಲ ಗುಂಪು, ನರಮಂಡಲಕ್ಕೆ ಪೆಟ್ಟಾದವರು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾಗಿ ಕಾಲಿನ ಸ್ವಾಧೀನ ಕಳೆದುಕೊಂಡ ಸೈನಿಕರಲ್ಲಿ ಇದನ್ನು 1918ರಲ್ಲಿ ವಿವರವಾಗಿ ದಾಖಲಿಸಿದವರು ಫ್ರಾನ್ಸಿನ ಡೆಜೆರೀನ್ ಮತ್ತು ಸೆಯಿಯೆ. ಬೆನ್ನುಹುರಿ ಗಾಯಗೊಂಡವರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಇದು ಬರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಗಾಯದ ಮಟ್ಟಕ್ಕಿಂತ ಕೆಳಗಿನ ಭಾಗದಲ್ಲೇ ಬರುತ್ತದೆ; ಸೊಂಟದ ಕೀಲು ಇದರ ಮೆಚ್ಚಿನ ತಾಣ. ತಲೆಗೆ ಭಾರಿ ಪೆಟ್ಟಾದವರಲ್ಲಿ ಮೊಣಕೈ, ಭುಜಗಳಲ್ಲೂ ಕಾಣುತ್ತದೆ.

ಎರಡನೆಯದು, ಅಂಗಾಂಶಕ್ಕೇ ನೇರ ಪೆಟ್ಟು: ಸೊಂಟದ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ, ದೊಡ್ಡ ಸುಟ್ಟಗಾಯ, ಆಟದಲ್ಲಿ ತೊಡೆಗೆ ಬಿದ್ದ ಒದೆ, ಸ್ಫೋಟದಲ್ಲಿ ಕಳೆದುಕೊಂಡ ಕೈಕಾಲು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅಂಗ ಕಳೆದುಕೊಂಡ ಅಮೆರಿಕದ ಸೈನಿಕರ 213 ಮೊಂಡು ಅಂಗಗಳನ್ನು ಪರಿಶೀಲಿಸಿದ 2007ರ ಅಧ್ಯಯನದಲ್ಲಿ 63 ಪ್ರತಿಶತದಲ್ಲಿ ಇಂಥ ಮೂಳೆ ಕಂಡಿತ್ತು.

ಮೂರನೆಯದು ಬಲು ಅಪರೂಪದ ಆನುವಂಶಿಕ ಕಾಯಿಲೆ, ಎಫ್.ಓ.ಪಿ. ಹತ್ತು ಇಪ್ಪತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಎ.ಸಿ.ವಿ.ಆರ್.1 ಎಂಬ ಜೀನಿನ ದೋಷ ಇದಕ್ಕೆ ಕಾರಣವೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಐಲೀನ್ ಶೋರ್, ಫ್ರೆಡರಿಕ್ ಕಪ್ಲನ್ ಅವರ ತಂಡ 2006ರಲ್ಲಿ ಪತ್ತೆಹಚ್ಚಿತು. ಆ ಜೀನ್ ಬಿ.ಎಂ.ಪಿ. ಸಂಕೇತವನ್ನು ಹಿಡಿಯುವ ಗ್ರಾಹಿಯದು. ಈ ಮಕ್ಕಳಿಗೆ ಹುಟ್ಟಿದಾಗಲೇ ಕಾಲಿನ ಹೆಬ್ಬೆರಳು ಗಿಡ್ಡವಾಗಿ ಒಳಕ್ಕೆ ಬಾಗಿರುತ್ತದೆ. ಅವರಿಗೆ ಸ್ನಾಯುವಿಗೆ ಕೊಡುವ ಒಂದು ಇಂಜೆಕ್ಷನ್ ಕೂಡ ಹೊಸ ಮೂಳೆಗೆ ನೆಪವಾಗಬಹುದು.

ಉಳುಕಿದ ಮೊಣಕೈಯನ್ನು ನೀವಬೇಡಿ

ನಮ್ಮ ಊರುಗಳಲ್ಲಿ ಕರೆಂಟಿಗಿಂತ ಮೊದಲು ಅನುಮಾನಿಸಬೇಕಾದದ್ದು ಎಣ್ಣೆ ಹಚ್ಚಿ ತಿಕ್ಕುವ ಕೈಯನ್ನು. ಮಗು ಬಿದ್ದು ಮೊಣಕೈ ಊದಿಕೊಂಡರೆ ನೀವಿಸಲು ಕರೆದೊಯ್ಯುವುದು ಹಳೆಯ ರೂಢಿ. ಕಟ್ಟು ಬಿಚ್ಚಿದ ಮೇಲೆ ಕೈ ಚಾಚಲು ಬರದಿದ್ದರೆ ಬಲವಾಗಿ ಎಳೆದು ನೇರ ಮಾಡುವವರೂ ಇದ್ದಾರೆ. ಮೊಣಕೈಯ ಮುಂಭಾಗದಲ್ಲಿ ಬ್ರೇಕಿಯಾಲಿಸ್ ಎಂಬ ಸ್ನಾಯು ಮೂಳೆಗೆ ಒತ್ತಿಕೊಂಡೇ ಇರುತ್ತದೆ. ಪೆಟ್ಟಿನಲ್ಲಿ ಅದು ಹರಿದು ಒಳಗೆ ರಕ್ತ ಹೆಪ್ಪುಗಟ್ಟಿರುವಾಗ ತಿಕ್ಕುವುದು, ಜಗ್ಗುವುದು ನಡೆದರೆ ಗಾಯ ಮತ್ತೆ ಮತ್ತೆ ಹಸಿಯಾಗುತ್ತದೆ. ಅಲ್ಲಿ ಮೂಳೆ ಹುಟ್ಟಿಕೊಳ್ಳುವುದಕ್ಕೆ ಮಯೋಸೈಟಿಸ್ ಆಸಿಫಿಕಾನ್ಸ್ ಎಂದು ಹೆಸರು. ಮೊಣಕೈ ಗಾಯದ ನಂತರ ಮಸಾಜು ಕೂಡದು ಎಂದು ಭಾರತದ ಮೂಳೆವೈದ್ಯರು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿಕೊಡುವುದು ಇದೇ ಕಾರಣಕ್ಕೆ.

ಪ್ರಯೋಗಾಲಯದ ಸಾಕ್ಷ್ಯವೂ ಇದೆ. ಫಿನ್‌ಲೆಂಡಿನ ಮಿಕೆಲ್ಸನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊಲಗಳ ಹಿಂಗಾಲನ್ನು ಅಲ್ಲಾಡದಂತೆ ಕಟ್ಟಿ, ದಿನಕ್ಕಿಷ್ಟು ಹೊತ್ತು ಬಿಚ್ಚಿ ಬಲವಂತವಾಗಿ ಮಡಚಿ ಚಾಚಿದರು. ಮೊಲಗಳ ತೊಡೆಯ ಸ್ನಾಯುವಿನಲ್ಲಿ ಮೂಳೆ ಬೆಳೆಯಿತು. ಬಹಳ ಹೊತ್ತಿನ ನಿಶ್ಚಲತೆ, ಅದರ ಬೆನ್ನಿಗೇ ಬಲವಂತದ ಎಳೆತ: ಈ ಜೋಡಿ ಅಪಾಯಕಾರಿ. ಬೆನ್ನುಹುರಿ ಗಾಯದಲ್ಲಿ ನರದ ಪೆಟ್ಟೊಂದೇ ಸಾಲದು, ಸ್ನಾಯುವಿನಲ್ಲಿ ಉರಿಯೂತವೂ ಸೇರಬೇಕು ಎಂದು ಫ್ರಾನ್ಸಿನ ಫ್ರಾಂಸ್ವಾ ಜೆನೆ ಮತ್ತು ಆಸ್ಟ್ರೇಲಿಯಾದ ಸಂಶೋಧಕರು 2015ರಲ್ಲಿ ಇಲಿಗಳಲ್ಲಿ ತೋರಿಸಿದರು. ಎರಡೂ ಕೂಡಿದಾಗ ಮಾತ್ರ ಆ ಇಲಿಗಳಲ್ಲಿ ಮೂಳೆ ಬೆಳೆಯಿತು.

ಮೂಳೆಗೂ ವಿದ್ಯುತ್ತಿಗೂ ಇರುವ ನಂಟು

ಈಗ ಕರೆಂಟಿನ ಕಡೆಗೆ ಬರೋಣ. ಒಣಮೂಳೆಯನ್ನು ಒತ್ತಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಜಪಾನಿನ ಭೌತವಿಜ್ಞಾನಿ ಎಯಿಚಿ ಫುಕಾಡ ಮತ್ತು ಮೂಳೆವೈದ್ಯ ಇವಾವೊ ಯಸುಡ 1957ರಲ್ಲಿ ವರದಿ ಮಾಡಿದರು. ಜೀವಂತ ಮೂಳೆ ಒದ್ದೆಯಾಗಿರುತ್ತದೆ. ನಾವು ನಡೆದಾಗ ಮೂಳೆ ಕೂದಲೆಳೆಯಷ್ಟು ಬಾಗುತ್ತದೆ, ಅದರ ಸೂಕ್ಷ್ಮ ಕಾಲುವೆಗಳಲ್ಲಿ ಲವಣದ ದ್ರವ ಹರಿಯುತ್ತದೆ, ಆ ಹರಿವಿನಿಂದಲೂ ವಿದ್ಯುತ್ ಒತ್ತಡ ಹುಟ್ಟುತ್ತದೆ. ಬಾಗಿದಾಗ ಅದುಮಿಕೊಂಡ ಕಡೆ ಋಣ ವಿದ್ಯುತ್ತು; ಅಲ್ಲೇ ಹೊಸ ಮೂಳೆ ಸೇರುವುದು.

ಇದರಿಂದ ಒಂದು ಚಿಕಿತ್ಸೆ ಹುಟ್ಟಿತು. ತಿಂಗಳುಗಟ್ಟಲೆ ಕೂಡದ ಮುರಿತದ ಸಂದಿನಲ್ಲಿ ತೆಳು ತಂತಿಯನ್ನು ಋಣ ಧ್ರುವವಾಗಿ, ಅಂದರೆ ಕ್ಯಾಥೋಡಾಗಿ ಇಟ್ಟು, ಚರ್ಮದಡಿ ಹೂತ ಚಿಕ್ಕ ಬ್ಯಾಟರಿಯಿಂದ ಸುಮಾರು 20 ಮೈಕ್ರೋಆಂಪಿನ ನೇರ ವಿದ್ಯುತ್ತನ್ನು ಹಗಲೂ ರಾತ್ರಿ, ತಿಂಗಳುಗಟ್ಟಲೆ ಹರಿಸುತ್ತಾರೆ. ಕ್ಯಾಥೋಡಿನ ಸುತ್ತ ಆಮ್ಲಜನಕ ಇಳಿಯುತ್ತದೆ, ಕ್ಷಾರತೆ ಏರುತ್ತದೆ. ಮೂಳೆ ಕಟ್ಟುವ ಕೋಶಗಳಿಗೆ ಇದು ಅನುಕೂಲ. ಕರೆಂಟು ಇನ್ನೂ ಏರಿಸಿದರೆ ಕೋಶಗಳೇ ಸಾಯುತ್ತವೆ. ಶಸ್ತ್ರಚಿಕಿತ್ಸೆಯಿಲ್ಲದೆ ಹೊರಗಿನಿಂದ ಸುರುಳಿ ಕಟ್ಟಿ ಮಿಡಿಯುವ ಕಾಂತಕ್ಷೇತ್ರ ಕೊಡುವ ಯಂತ್ರಗಳೂ ಇವೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಇಂಥವಕ್ಕೆ 1979ರಲ್ಲೇ ಒಪ್ಪಿಗೆ ಕೊಟ್ಟಿತು. ಅವನ್ನು ದಿನಕ್ಕೆ ಹಲವು ಗಂಟೆ, ಹಲವು ತಿಂಗಳು ಕಟ್ಟಿಕೊಳ್ಳಬೇಕು.

ಫಿಸಿಯೋಥೆರಪಿಯ ಕರೆಂಟು ಬೇರೆ ಜಾತಿಯದು

ಕ್ಲಿನಿಕ್ಕಿನಲ್ಲಿ "ಕರೆಂಟ್ ಇಡೋದು" ಎಂಬ ಒಂದೇ ಮಾತಿನಲ್ಲಿ ಹಲವು ಚಿಕಿತ್ಸೆಗಳು ಸೇರಿಕೊಂಡಿವೆ.

ಟೆನ್ಸ್ ನೋವಿಗೆ. ಮೈಕ್ರೋಸೆಕೆಂಡುಗಳಲ್ಲಿ ಮುಗಿಯುವ ಚಿಕ್ಕ ಮಿಡಿತಗಳು ಚರ್ಮದ ಸ್ಪರ್ಶ ನರಗಳನ್ನು ಕೆಣಕಿ, ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಡೆಯುತ್ತವೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ದ್ವಾರ ಸಿದ್ಧಾಂತ ಇದರ ತಳಹದಿ. ಐ.ಎಫ್.ಟಿ.ಯೂ ನೋವಿಗೇ. ಅದರಲ್ಲಿ 4,000 ಹರ್ಟ್ಸ್ ಆಸುಪಾಸಿನ ಎರಡು ಕರೆಂಟುಗಳು ಮೈಯೊಳಗೆ ಒಂದನ್ನೊಂದು ಹಾಯ್ದು, ಅವುಗಳ ವ್ಯತ್ಯಾಸದ ಬಡಿತ ನರಗಳಿಗೆ ತಟ್ಟುತ್ತದೆ. ಸ್ನಾಯುವನ್ನು ಕುಣಿಸುವ ಸ್ಟಿಮ್ಯುಲೇಟರ್ ಮೂರನೆಯದು. ಪಾರ್ಶ್ವವಾಯುವಿನಲ್ಲಿ ಬಿದ್ದುಹೋದ ಪಾದವನ್ನು ನಡೆಯುವಾಗ ಎತ್ತಿಸಲು ಇಂಥ ಕರೆಂಟನ್ನು ಲಿಬರ್ಸನ್ ಮತ್ತು ಸಂಗಡಿಗರು 1961ರಲ್ಲಿ ಬಳಸಿ ತೋರಿಸಿದರು. ಬೆನ್ನುಹುರಿ ಗಾಯದವರು ಇದರ ನೆರವಿನಿಂದ ನಿಂತಲ್ಲೇ ನಿಂತ ಸೈಕಲ್ಲನ್ನು ತುಳಿಯಬಲ್ಲರು. ಅಲ್ಟ್ರಾಸೌಂಡ್ ಮತ್ತು ಶಾಕ್‌ವೇವ್ ಚಿಕಿತ್ಸೆಗಳಲ್ಲಿ ಮೈಗೆ ಕರೆಂಟು ಹರಿಯುವುದೇ ಇಲ್ಲ. ಒಂದು ಶಬ್ದತರಂಗ, ಇನ್ನೊಂದು ಒತ್ತಡದ ತರಂಗ.

ಟೆನ್ಸ್‌ನ ಮಿಡಿತದ ತುದಿಯಲ್ಲಿ ಹತ್ತಾರು ಮಿಲಿಆಂಪ್ ಇರುತ್ತದೆ. 20 ಮಿಲಿಆಂಪ್ ಎಂದರೆ ಮೂಳೆ ಕೂಡಿಸುವ 20 ಮೈಕ್ರೋಆಂಪಿನ ಸಾವಿರ ಪಟ್ಟು. ಜೋರು ಕರೆಂಟು ಹೆಚ್ಚು ಮೂಳೆ ಬೆಳೆಸುವುದಾದರೆ ಟೆನ್ಸ್ ಕಟ್ಟಿಕೊಂಡವರ ಮೈಯೆಲ್ಲ ಮೂಳೆಯಾಗಬೇಕಿತ್ತು. ಲೆಕ್ಕಕ್ಕೆ ಬರುವುದು ಜೋರಲ್ಲ, ಬಗೆ. ಮೂಳೆ ಚಿಕಿತ್ಸೆಯ ನೇರ ವಿದ್ಯುತ್ತು ಒಂದೇ ದಿಕ್ಕಿಗೆ ಬಿಡದೆ ಹರಿದು ತಂತಿಯ ಸುತ್ತಲಿನ ರಸಾಯನವನ್ನೇ ಬದಲಿಸುತ್ತದೆ. ಇಂದಿನ ಟೆನ್ಸ್, ಐ.ಎಫ್.ಟಿ. ಮತ್ತು ಬಹುತೇಕ ಸ್ಟಿಮ್ಯುಲೇಟರುಗಳ ಕರೆಂಟು ಅತ್ತ ಹೋದಷ್ಟೇ ಇತ್ತ ಬರುತ್ತದೆ. ಧ್ರುವದಲ್ಲಿ ಏನೂ ಶೇಖರವಾಗುವುದಿಲ್ಲ. ಅದೂ 20–30 ನಿಮಿಷ, ಚರ್ಮದ ಮೇಲಿನಿಂದ. ಮುಖ್ಯವಾಗಿ, ಮುರಿತದ ಸಂದಿನಲ್ಲಿ ಮೂಳೆ ಕಟ್ಟುವ ಕೋಶಗಳು, ಸಂಕೇತಗಳು ಆಗಲೇ ಸಿದ್ಧವಾಗಿರುತ್ತವೆ. ಆರೋಗ್ಯವಾಗಿರುವ ಸ್ನಾಯುವಿನಲ್ಲಿ ಆ ಸಿದ್ಧತೆ ಇಲ್ಲ. ಚಾಮರ್ಸ್ ಹೇಳಿದ ಮೂರು ಷರತ್ತುಗಳಲ್ಲಿ ಒಂದನ್ನೂ ಪ್ಯಾಡಿನ ಕರೆಂಟು ತಾನಾಗಿ ಒದಗಿಸುವುದಿಲ್ಲ.

ಎಚ್ಚರ ಬೇಕಾದ ಜಾಗಗಳು

ಆದರೆ ಆ ಮೂರು ಷರತ್ತುಗಳೂ ಈಗಾಗಲೇ ಕೂಡಿರುವ ಜಾಗದಲ್ಲಿ? ಬಿಸಿಯಾಗಿ ಊದಿಕೊಂಡು, ಹೊಸ ಮೂಳೆ ರೂಪುಗೊಳ್ಳುತ್ತಿರುವ ಸ್ನಾಯುವನ್ನು ಕರೆಂಟಿನಿಂದ ಬಲವಾಗಿ ಕುಗ್ಗಿಸುವುದು, ಮೇಲೆ ಹೇಳಿದ ಬಲವಂತದ ಎಳೆತಕ್ಕೆ ಹತ್ತಿರದ ಕೆಲಸ. ಆ ಹಂತದಲ್ಲಿ ಆ ಸ್ನಾಯುವಿಗೆ ಜೋರು ಸ್ಟಿಮ್ಯುಲೇಶನ್ ಕೊಡದಿರುವುದೇ ಜಾಣತನ. ಕೀಲು ಆಗಲೇ ಬಿಗಿದಿದ್ದರೆ ಕರೆಂಟಿನ ಸೈಕಲ್ಲು ಅದರ ಮಿತಿ ಮೀರಿ ಕಾಲನ್ನು ತಿರುಗಿಸಬಾರದು.

ಸ್ಪರ್ಶಜ್ಞಾನ ಇಲ್ಲದವರಿಗೆ ಪ್ಯಾಡಿನಡಿ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಒಂದೇ ದಿಕ್ಕಿನ ಗ್ಯಾಲ್ವನಿಕ್ ಕರೆಂಟಿನಲ್ಲಿ ಈ ಅಪಾಯ ಹೆಚ್ಚು. ಬೆನ್ನುಹುರಿಯ ಎದೆಭಾಗದ 6ನೇ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಕಾಲಿಗೆ ಕೊಟ್ಟ ಕರೆಂಟು ರಕ್ತದೊತ್ತಡವನ್ನು ದಿಢೀರನೆ ಏರಿಸಬಹುದು. ಸಿಡಿಯುವ ತಲೆನೋವು, ಮುಖ ಕೆಂಪೇರುವುದು, ಬೆವರು ಕಂಡರೆ ಯಂತ್ರ ನಿಲ್ಲಿಸಿ, ರೋಗಿಯನ್ನು ಎಬ್ಬಿಸಿ ಕೂರಿಸಿ ವೈದ್ಯರನ್ನು ಕರೆಯಬೇಕು.

ಕರೆಂಟು ಮತ್ತು ತಪ್ಪು ಮೂಳೆ ಮುಖಾಮುಖಿಯಾಗುವ ಇನ್ನೊಂದು ಕಡೆ, ಕೃತಕ ಕಾಲಿನ ಸಂಶೋಧನೆ. ಕೃತಕ ಅಂಗವನ್ನು ನೇರವಾಗಿ ಮೂಳೆಯೊಳಗಿನ ಲೋಹದ ಕಂಬಿಗೆ ಜೋಡಿಸುವ ವಿಧಾನದಲ್ಲಿ, ಆ ಕಂಬಿಯನ್ನೇ ಕ್ಯಾಥೋಡಾಗಿಸಿ ಮೂಳೆ ಬೇಗ ಹಿಡಿಯುವಂತೆ ಮಾಡಬಹುದೇ ಎಂದು ಅಮೆರಿಕದ ಯೂಟಾದ ಸಂಶೋಧಕರು ಸಿ.ಟಿ. ಚಿತ್ರಗಳಿಂದ ಕಂಪ್ಯೂಟರ್ ಮಾದರಿ ಕಟ್ಟಿ ನೋಡಿದ್ದಾರೆ. ಮೊಂಡು ಅಂಗದಲ್ಲಿ ಆಗಲೇ ಬೇಡದ ಮೂಳೆ ಬೆಳೆಯುವ ಒಲವಿರುವವರಿಗೆ ವಿದ್ಯುತ್ ಕ್ಷೇತ್ರ ಎಲ್ಲಿ ಎಷ್ಟು ಹರಡುತ್ತದೆ ಎಂಬುದು ಇಂಥ ಕೆಲಸದಲ್ಲಿ ಮುಖ್ಯ ಪ್ರಶ್ನೆ. ಈ ಚಿಂತೆ ಒಳಗೆ ಹೂಳುವ ನೇರ ವಿದ್ಯುತ್ತಿಗೆ ಸಂಬಂಧಿಸಿದ್ದು, ಹೊರಗಿನ ಪ್ಯಾಡಿಗಲ್ಲ.

ಕರೆಂಟಿನಿಂದಲೇ ಮೂಳೆ ಕರಗಿಸುವ ಯತ್ನವೂ ನಡೆದಿದೆ. ಅಸಿಟಿಕ್ ಆಮ್ಲದ ದ್ರಾವಣವನ್ನು ಋಣ ಧ್ರುವದ ಪ್ಯಾಡಿನಿಂದ ಚರ್ಮದೊಳಕ್ಕೆ ತಳ್ಳುವ ಅಯಾಂಟೋಫೊರೆಸಿಸ್ ವಿಧಾನದಿಂದ ಹುಡುಗನೊಬ್ಬನ ತೊಡೆಯ ಗಂಟು ಕುಗ್ಗಿತೆಂದು 1992ರಲ್ಲಿ ಒಂದು ವರದಿ ಬಂತು. ಪೆಟ್ಟಿನಿಂದ ಬಂದ ಇಂಥ ಗಂಟುಗಳು ಕೆಲವೊಮ್ಮೆ ತಾವಾಗಿಯೇ ಕರಗುತ್ತವೆ. ಆದ್ದರಿಂದ ಒಬ್ಬ ರೋಗಿಯ ವರದಿಯನ್ನು ನಂಬಿ ಹೊರಡುವಂತಿಲ್ಲ.

ಗುರುತಿಸುವುದು ಹೇಗೆ

ನರದ ಗಾಯವಾದವರಲ್ಲಿ ಸಾಮಾನ್ಯವಾಗಿ 3ರಿಂದ 12 ವಾರಗಳ ನಡುವೆ ಊತ, ಬಿಸಿ, ಕೀಲಿನ ಬಿಗಿತ, ಕೆಲವೊಮ್ಮೆ ಸಣ್ಣ ಜ್ವರ ಕಾಣಿಸುತ್ತದೆ. ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ, ಸೋಂಕಾದಾಗಲೂ, ಮುರಿತವಾದಾಗಲೂ ಇವೇ ಲಕ್ಷಣಗಳು. ಹೆಪ್ಪು ಜೀವಕ್ಕೆ ಕುತ್ತು ತರಬಲ್ಲದು. ಮೊದಲು ಡಾಪ್ಲರ್ ಪರೀಕ್ಷೆಯಿಂದ ಅದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಆ ಕಾಲಿಗೆ ಕರೆಂಟೂ ಬೇಡ, ಮಸಾಜೂ ಬೇಡ.

ಆರಂಭದಲ್ಲಿ ಎಕ್ಸ್‌ರೇ ತೆಗೆಸಿ "ಏನೂ ಇಲ್ಲ" ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ; ಖನಿಜ ಸೇರುವವರೆಗೆ ಅದರಲ್ಲಿ ಏನೂ ಕಾಣದು. ಮೂರು ಹಂತದ ಬೋನ್ ಸ್ಕ್ಯಾನ್ ವಾರಗಳ ಮುಂಚೆಯೇ ಸುಳಿವು ಕೊಡುತ್ತದೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರುವುದೂ ಒಂದು ಸೂಚನೆ, ಆದರೆ ಮುರಿತ ಕೂಡುವಾಗಲೂ ಅದು ಏರುತ್ತದೆ. ಪೆಟ್ಟಿನ ನಂತರ ಸ್ನಾಯುವಿನಲ್ಲಿ ಬೆಳೆದ ಮೂಳೆ ತೆಂಗಿನಕಾಯಿಯಂತೆ ಹೊರಗೆ ಗಟ್ಟಿಯಾಗಿ ಒಳಗೆ ಮೆತ್ತಗಿರುತ್ತದೆ. ಮೂಳೆಯ ಕ್ಯಾನ್ಸರಿನಲ್ಲಿ ನಡುಭಾಗವೇ ಹೆಚ್ಚು ಗಟ್ಟಿ. ಎಳೆಯ ಹಂತದಲ್ಲಿ ಅವಸರಪಟ್ಟು ಚೂರು ತೆಗೆದು ಪರೀಕ್ಷಿಸಿದರೆ ಇದನ್ನೇ ಕ್ಯಾನ್ಸರ್ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ.

ತಡೆ, ಚಿಕಿತ್ಸೆ

ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಹೆಚ್ಚಿರುವವರಿಗೆ ಎರಡು ತಡೆಗಳಿವೆ: ಇಂಡೊಮೆಥಾಸಿನ್‌ನಂಥ ಉರಿಯೂತ ಶಮನಕಾರಿ, ದಿನಕ್ಕೆ 75 ಮಿಲಿಗ್ರಾಂ, ಕೆಲವು ವಾರ, ಇಲ್ಲವೇ ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಒಂದೇ ಸಲ 7–8 ಗ್ರೇ ವಿಕಿರಣ. ಈ ಗುಳಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲದು, ಮೂತ್ರಪಿಂಡಕ್ಕೆ ಭಾರ, ಮುರಿತ ಕೂಡುವುದನ್ನೂ ನಿಧಾನಿಸಬಲ್ಲದು. ಹಾಗಾಗಿ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಔಷಧ ಇದಲ್ಲ.

ಮೂಳೆ ಬೆಳೆದೇಬಿಟ್ಟರೆ ಅದು ಮಾಗುವವರೆಗೆ ಕೀಲನ್ನು ಮೃದುವಾಗಿ, ನೋವಿನ ಮಿತಿಯೊಳಗೆ ಆಡಿಸುತ್ತಲೇ ಇರಬೇಕು. ಹೆದರಿ ಪೂರ್ತಿ ನಿಲ್ಲಿಸಿದರೆ ಕೀಲು ಬೆಸೆದುಕೊಳ್ಳಬಹುದು. ಕೂರಲು, ಶುಚಿ ಮಾಡಿಕೊಳ್ಳಲು, ಊಟ ಮಾಡಲು ಅಡ್ಡಿಯಾದಾಗ ಶಸ್ತ್ರಚಿಕಿತ್ಸೆ. ನರದ ಗಾಯದವರಲ್ಲಿ 12ರಿಂದ 18 ತಿಂಗಳು ಕಾಯುವುದು ಹಳೆಯ ಪದ್ಧತಿ. ಈಗ ಹಲವು ಶಸ್ತ್ರವೈದ್ಯರು ಅಷ್ಟು ಕಾಯದೆ, ರೋಗಿಯ ಸ್ಥಿತಿ ನೋಡಿ ನಿರ್ಧರಿಸುತ್ತಾರೆ.

ಪ್ಯಾಡ್ ಅಂಟಿಸುವ ಮೊದಲು

ಫಿಸಿಯೋಥೆರಪಿಸ್ಟ್‌ಗೆ ಇಷ್ಟನ್ನು ನೀವೇ ಮೊದಲು ಹೇಳಿ: ಪೇಸ್‌ಮೇಕರ್ ಇದೆಯೇ, ಬಸುರಿಯೇ, ಆ ಭಾಗದಲ್ಲಿ ಕ್ಯಾನ್ಸರ್ ಇದೆಯೇ, ಸ್ಪರ್ಶಜ್ಞಾನ ಕಡಿಮೆಯಿದೆಯೇ, ಹಿಂದೆ ಎಲ್ಲಾದರೂ ಇಂಥ ಮೂಳೆ ಬೆಳೆದಿತ್ತೇ. ಲೋಹದ ಪ್ಲೇಟ್ ಇದ್ದರೆ ಹೇಳಲೇಬೇಕು. ಟೆನ್ಸ್‌ಗೆ ಅದು ಸಾಮಾನ್ಯವಾಗಿ ಅಡ್ಡಿಯಲ್ಲ, ಆದರೆ ಆಳಕ್ಕೆ ಶಾಖ ಕೊಡುವ ಶಾರ್ಟ್‌ವೇವ್ ಯಂತ್ರಕ್ಕೆ ದೊಡ್ಡ ಅಡ್ಡಿ.

ಇನ್ನು ನೀವು ಕೇಳಬೇಕಾದ ಪ್ರಶ್ನೆಗಳು: ಈ ಕರೆಂಟು ನೋವಿಗೋ, ಸ್ನಾಯುವನ್ನು ಕುಗ್ಗಿಸಲಿಕ್ಕೋ? ಎಷ್ಟು ದಿನದಲ್ಲಿ ಏನು ಸುಧಾರಣೆ ಕಾಣಬೇಕು? ಕಾಣದಿದ್ದರೆ ಮುಂದೇನು? ಪ್ರತಿ ವಾರ ಕೀಲು ಎಷ್ಟು ಮಡಚುತ್ತದೆಂದು ಅಳೆದು ಬರೆದಿಡಲು ಹೇಳಿ. ಮಡಚುವಿಕೆ ಕಡಿಮೆಯಾಗುತ್ತ ಹೋದರೆ ಎಕ್ಸ್‌ರೇಗಿಂತ ಮೊದಲೇ ಆ ಅಂಕಿ ಎಚ್ಚರಿಸುತ್ತದೆ.

ಆನ್‌ಲೈನಿನಲ್ಲಿ ಕೊಂಡ ಟೆನ್ಸ್ ಯಂತ್ರ ಮನೆಯಲ್ಲಿದ್ದರೆ, ಹಳೆಯ ಸೊಂಟನೋವಿಗೆ ವೈದ್ಯರ ಸಲಹೆಯಂತೆ ಬಳಸಬಹುದು. ಹೊಸದಾಗಿ ಊದಿ ಬಿಸಿಯಾದ ಕೈಕಾಲಿನ ಮೇಲೆ ಮಾತ್ರ ಅದನ್ನು ಇಡಬೇಡಿ. ಟೆನ್ಸ್ ನೋವನ್ನು ಮರೆಸುತ್ತದೆ, ಊತದ ಕಾರಣವನ್ನು ಹೇಳುವುದಿಲ್ಲ. ಅಲ್ಲಿ ಮೊದಲು ಪರೀಕ್ಷೆ, ಆಮೇಲೆ ಕರೆಂಟು.